ಎಫ್‌ಎಂಜಿಇಗೆ ಪೆಥಾಲಜಿ: ದೊಡ್ಡ ರಾಬಿನ್ಸ್ ಕೊಳ್ಳಬೇಕಾ, ವಿಡಿಯೊ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು: ಕಿರ್ಗಿಸ್ತಾನದಲ್ಲಿ ಎಂಬಿಬಿಎಸ್ ಮುಗಿಸಿ ಕಲಬುರಗಿಗೆ ವಾಪಸ್ ಬಂದಿದ್ದೀರಿ, ಮುಂದಿನ ಸುತ್ತಿನ ಎಫ್‌ಎಂಜಿಇ (ಹೊರದೇಶದಲ್ಲಿ ಎಂಬಿಬಿಎಸ್ ಓದಿದವರು ಇಲ್ಲಿ ವೈದ್ಯರಾಗಲು ಪಾಸಾಗಬೇಕಾದ ಪರೀಕ್ಷೆ) ಬರೆಯಬೇಕು. ಪೆಥಾಲಜಿಗೆ, ಅಂದರೆ ರೋಗಶಾಸ್ತ್ರಕ್ಕೆ, ದೊಡ್ಡ ರಾಬಿನ್ಸ್ ಪಠ್ಯಪುಸ್ತಕ ಕೊಳ್ಳಲೋ, ಪಥೋಮಾ ವಿಡಿಯೊ ಕೋರ್ಸ್ ನೋಡಲೋ, ಆ್ಯಪ್ ಒಂದೇ ಸಾಕೋ? ದೆಹಲಿ ಕೋಚಿಂಗ್‌ಗೆ ಹೋಗದಿದ್ದರೆ ನಡೆಯುತ್ತದಾ? ನಾನೂ ಹೊರದೇಶದಲ್ಲಿ ಓದಿ ಬಂದು ಇದೇ ಪರೀಕ್ಷೆ ದಾಟಿದವನು. ಈಗ ಇದೇ ಊರಲ್ಲಿ ಪೆಥಾಲಜಿಯಲ್ಲೇ ಕೆಲಸ. ಆದ್ದರಿಂದ ನನ್ನ ವಿಷಯದ ಮೇಲಿನ ಮೋಹವನ್ನು ಸ್ವಲ್ಪ ಬದಿಗಿಟ್ಟೇ ಹೇಳುತ್ತೇನೆ.

ದೊಡ್ಡ ರಾಬಿನ್ಸ್ ಬೇಡ. ಯಾವುದಾದರೂ ಒಂದು ಆ್ಯಪ್‌ನ ವಿಡಿಯೊ ಮತ್ತು ನೋಟ್ಸ್, ಅದರದೇ ಪ್ರಶ್ನೆ ಬ್ಯಾಂಕ್, ಅನುಮಾನ ಬಂದಾಗ ತೆಗೆದು ನೋಡಲು ಚಿಕ್ಕ ರಾಬಿನ್ಸ್ (ದೊಡ್ಡದರ ಸಂಕ್ಷಿಪ್ತ ರೂಪ) ಅಥವಾ ಹರ್ಷ ಮೋಹನ್ ಬರೆದ ಪಠ್ಯಪುಸ್ತಕ, ಎರಡರಲ್ಲಿ ಒಂದು. ಇದಕ್ಕಿಂತ ಹೆಚ್ಚು ಇಟ್ಟುಕೊಂಡವರು ಯಾವುದನ್ನೂ ಪೂರ್ತಿ ಮುಗಿಸಿದ್ದು ನಾನು ಕಂಡಿಲ್ಲ.

ಯಾಕೆ ಅಂತ ಲೆಕ್ಕ ನೋಡಿ. ಎಫ್‌ಎಂಜಿಇಯಲ್ಲಿ 300 ಪ್ರಶ್ನೆ, ಪಾಸಾಗಲು 150, ನೆಗೆಟಿವ್ ಮಾರ್ಕ್ಸ್ ಇಲ್ಲ. ಈ 300ರಲ್ಲಿ ಪೆಥಾಲಜಿಯ ನೇರ ಪಾಲು 13. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಗೆ ತಲಾ 17 ಇದೆ, ನಮಗೆ ಅದೂ ಇಲ್ಲ. ಹದಿಮೂರು ಅಂಕಕ್ಕೆ ಸಾವಿರಕ್ಕೂ ಹೆಚ್ಚು ಪುಟದ ಪುಸ್ತಕ ಹಿಡಿದು ಕೂತರೆ 33 ಪ್ರಶ್ನೆಯ ಮೆಡಿಸಿನ್, 32ರ ಸರ್ಜರಿ, 30ರ ಓಬಿಜಿ (ಹೆರಿಗೆ ಮತ್ತು ಸ್ತ್ರೀರೋಗ), ಇನ್ನೊಂದು 30ರ ಕಮ್ಯುನಿಟಿ ಮೆಡಿಸಿನ್ ಯಾವಾಗ ಓದುತ್ತೀರಿ?

ಹಾಗಂತ ಪೆಥಾಲಜಿ ಬಿಟ್ಟುಬಿಡಿ ಅಂತಲ್ಲ. ಮೆಡಿಸಿನ್‌ನ ಅನೀಮಿಯಾ, ಲ್ಯುಕೇಮಿಯಾ, ಪೀಡಿಯಾಟ್ರಿಕ್ಸ್‌ನ ನೆಫ್ರೋಟಿಕ್ ಸಿಂಡ್ರೋಮ್, ಸರ್ಜರಿಯ ಥೈರಾಯ್ಡ್ ಮತ್ತು ಬ್ರೆಸ್ಟ್, ಓಬಿಜಿಯ ಓವರಿ ಗಡ್ಡೆಗಳು, ಇವೆಲ್ಲ ಬೇರೆ ಹೆಸರಿನಲ್ಲಿ ಬರುವ ಪೆಥಾಲಜಿಯೇ. ಆದ್ದರಿಂದ ಜನರಲ್ ಪೆಥಾಲಜಿ, ರಕ್ತ ಮತ್ತು ಕಿಡ್ನಿ ಗಟ್ಟಿ ಮಾಡಿ. ಉಳಿದ ಸಿಸ್ಟಮಿಕ್ (ಅಂಗವಾರು) ಭಾಗವನ್ನು ಆಯಾ ಕ್ಲಿನಿಕಲ್ ವಿಷಯದ ಜೊತೆಗೇ ಓದಿದರೆ ಎರಡು ಸಲ ಓದುವ ಕೆಲಸ ತಪ್ಪುತ್ತದೆ.

ಇನ್ನು ಪಥೋಮಾ. ನೀವು ಯೂಟ್ಯೂಬ್‌ನಲ್ಲಿ ಕೇಳಿದ ಹೊಗಳಿಕೆ ಬಹುಪಾಲು ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇ ಬರೆಯುವವರದ್ದು. ಅದರ ಮೊದಲ ಹಂತ ಸ್ಟೆಪ್ 1ರಲ್ಲಿ ಪೆಥಾಲಜಿಯ ಪಾಲು ಶೇಕಡಾ 45ರಿಂದ 55 ಅಂತ ಪರೀಕ್ಷೆ ನಡೆಸುವವರೇ ಪ್ರಕಟಿಸಿದ್ದಾರೆ. ಅರ್ಧ ಪರೀಕ್ಷೆಯೇ ಪೆಥಾಲಜಿ ಆದಾಗ ಅದಕ್ಕೆ ಪ್ರತ್ಯೇಕ ವಿಡಿಯೊ ಕೋರ್ಸ್, ಪ್ರತ್ಯೇಕ ಪುಸ್ತಕ, ಪ್ರತ್ಯೇಕ ದುಡ್ಡು ಎಲ್ಲಕ್ಕೂ ಅರ್ಥವಿದೆ. ನಮ್ಮ ಪರೀಕ್ಷೆ ಬೇರೆ. ಯಾರಾದರೂ ಒಂದು ಪುಸ್ತಕ ಚಿನ್ನ ಅಂದರೆ, ಅವರು ಬರೆದದ್ದು ಯಾವ ಪರೀಕ್ಷೆ ಅಂತ ಮೊದಲು ಕೇಳಿ. ನೀಟ್ ಪಿಜಿ ರ‍್ಯಾಂಕ್ ಪಡೆದವರ ಸಲಹೆಗೂ ಇದೇ ಮಾತು. ಅವರಿಗೆ ಬೇಕಿದ್ದದ್ದು ಎಲ್ಲರಿಗಿಂತ ಮುಂದೆ ಬರುವುದು, ನಿಮಗೆ ಬೇಕಿರುವುದು 150. ಆದರೂ ಪಥೋಮಾದ 19 ಅಧ್ಯಾಯಗಳಲ್ಲಿ ಮೊದಲ ಮೂರು, ಅಂದರೆ ಕೋಶ ಗಾಯಗೊಳ್ಳುವುದು, ಉರಿಯೂತ, ನಿಯೋಪ್ಲಾಸಿಯಾ (ಗಡ್ಡೆ ಬೆಳೆಯುವುದು), ಯಾರು ನೋಡಿದರೂ ನಷ್ಟವಿಲ್ಲ. ಬುನಾದಿ ಅಲುಗಾಡುತ್ತಿದೆ ಅನ್ನಿಸಿದರೆ ಅಷ್ಟು ನೋಡಿ, ಮುಂದಕ್ಕೆ ಹೋಗಬೇಡಿ.

ಆ್ಯಪ್ ಯಾವುದು ಅಂತ ಹೆಸರು ಹೇಳುವುದಿಲ್ಲ. ದುಡ್ಡು ಕಟ್ಟುವ ಮೊದಲು ನೀವೇ ಪರೀಕ್ಷಿಸಿ, ಉಚಿತ ವಿಡಿಯೊ ಎಲ್ಲರೂ ಒಂದೆರಡು ಬಿಟ್ಟಿರುತ್ತಾರೆ. ಮೈಕ್ರೋಸಿಟಿಕ್ ಅನೀಮಿಯಾ (ಕೆಂಪು ರಕ್ತಕಣ ಸಣ್ಣದಾಗಿರುವ ರಕ್ತಹೀನತೆ) ಪಾಠ ಆರಿಸಿಕೊಳ್ಳಿ. ನೋಡಿ ಮುಗಿದ ಮೇಲೆ ಫೋನ್ ಮುಚ್ಚಿ, ಈ ಎರಡು ರಿಪೋರ್ಟ್ ಮುಂದಿಟ್ಟುಕೊಳ್ಳಿ.

ಒಂದನೆಯದು: ಹಿಮೋಗ್ಲೋಬಿನ್ 9, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 68, ಆರ್‌ಬಿಸಿ (ಕೆಂಪು ಕಣಗಳ ಎಣಿಕೆ) 3.9 ಮಿಲಿಯನ್, ಆರ್‌ಡಿಡಬ್ಲ್ಯೂ (ಕಣಗಳ ಗಾತ್ರದ ಏರುಪೇರು) ಏರಿದೆ. ಎರಡನೆಯದು: ಹಿಮೋಗ್ಲೋಬಿನ್ 11, ಎಂಸಿವಿ 68, ಆರ್‌ಬಿಸಿ 5.8 ಮಿಲಿಯನ್, ಆರ್‌ಡಿಡಬ್ಲ್ಯೂ ಸರಿಯಾಗಿದೆ. ಎಂಸಿವಿಯನ್ನು ಆರ್‌ಬಿಸಿಯಿಂದ ಭಾಗಿಸಿದರೆ ಮೊದಲನೆಯದು 17ರ ಮೇಲೆ, ಎರಡನೆಯದು 12ರ ಒಳಗೆ. ಮೆಂಟ್ಜರ್ ಇಂಡೆಕ್ಸ್ ಅಂತಾರಲ್ಲ, ಇದೇ ಅದು: 13ಕ್ಕಿಂತ ಹೆಚ್ಚಾದರೆ ಕಬ್ಬಿಣದ ಕೊರತೆಯ ಕಡೆ, ಕಡಿಮೆಯಾದರೆ ತಲಸೀಮಿಯಾ ಟ್ರೇಟ್ (ಆನುವಂಶಿಕ ರಕ್ತದೋಷದ ಸೌಮ್ಯ ರೂಪ) ಕಡೆ. ಆದರೆ ಸೂತ್ರ ನೆನಪಿರುವುದು ಮುಖ್ಯವಲ್ಲ. ಕಬ್ಬಿಣ ಇಲ್ಲದಾಗ ಮಜ್ಜೆಗೆ ಕೋಶ ತಯಾರಿಸಲು ಸರಕೇ ಸಾಲದು, ಅದಕ್ಕೆ ಎಣಿಕೆಯೂ ಬೀಳುತ್ತದೆ. ಟ್ರೇಟ್‌ನಲ್ಲಿ ಸರಕು ಇದೆ, ಗ್ಲೋಬಿನ್ ಸರಪಳಿ ಮಾತ್ರ ಕಡಿಮೆ, ಆದ್ದರಿಂದ ಮಜ್ಜೆ ಸಣ್ಣ ಸಣ್ಣ ಕೋಶಗಳನ್ನೇ ಹೆಚ್ಚು ಹೆಚ್ಚು ಹೊರಡಿಸುತ್ತದೆ. ಇಷ್ಟನ್ನು ಆ ಪಾಠ ಕೇಳಿದ ಮೇಲೆ ನಿಮ್ಮ ಮಾತಿನಲ್ಲಿ, ಕನ್ನಡದಲ್ಲೇ ಆಗಲಿ, ರೂಮ್‌ಮೇಟ್‌ಗೆ ಹೇಳಲು ಬಂತಾ? ಮುಂದಿನ ಟೆಸ್ಟ್ ಏನು ಅಂದರೆ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನಿನ ಅಳತೆ), ಆಮೇಲೆ ಎಚ್‌ಬಿಎ2 (ಹಿಮೋಗ್ಲೋಬಿನ್‌ನ ಒಂದು ಬಗೆ) ಅಂತ ಬಾಯಿಗೆ ಬಂತಾ? ಬಂದರೆ ಆ ಟೀಚರ್ ನಿಮಗೆ ಸರಿ. ಕೋಷ್ಟಕ ಮಾತ್ರ ನೆನಪಿದ್ದು ಕಾರಣ ನೆನಪಿಲ್ಲ ಅಂದರೆ ಬೇರೆ ಆ್ಯಪ್ ನೋಡಿ, ಅದು ಎಷ್ಟೇ ಹೆಸರುವಾಸಿ ಇರಲಿ.

ಪ್ರಶ್ನೆ ಬ್ಯಾಂಕ್ ನೋಡುವಾಗಲೂ ಒಂದೇ ಅಳತೆ. ಸರಿ ಉತ್ತರ ಯಾಕೆ ಸರಿ ಅಂತ ಎಲ್ಲರೂ ಬರೆಯುತ್ತಾರೆ. ಉಳಿದ ಮೂರು ಯಾಕೆ ತಪ್ಪು ಅಂತ ಬರೆದಿದ್ದಾರಾ ನೋಡಿ. ಉದಾಹರಣೆಗೆ, ಮಗುವಿಗೆ ಮೈಯೆಲ್ಲ ಊತ, ಲೈಟ್ ಮೈಕ್ರೋಸ್ಕೋಪ್‌ನಲ್ಲಿ ಗ್ಲೊಮೆರುಲಸ್ (ಕಿಡ್ನಿಯಲ್ಲಿ ರಕ್ತ ಸೋಸುವ ಭಾಗ) ಚೆನ್ನಾಗೇ ಇದೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಅದರ ಪೊಡೊಸೈಟ್ ಕೋಶಗಳ ಪಾದ ಚಪ್ಪಟೆಯಾಗಿವೆ ಅಂದರೆ ಮಿನಿಮಲ್ ಚೇಂಜ್ ಅನ್ನುವ ಕಿಡ್ನಿ ಕಾಯಿಲೆ. ಆದರೆ ಅದೇ ವಿವರಣೆಯಲ್ಲಿ ಇಮ್ಯೂನೊಫ್ಲೋರೆಸೆನ್ಸ್ (ಪ್ರತಿಕಾಯಗಳು ಹೊಳೆದು ಕಾಣುವ ಪರೀಕ್ಷೆ) ಗೆರೆಯಂತಿದ್ದರೆ ಆ್ಯಂಟಿ ಜಿಬಿಎಂ ಕಾಯಿಲೆ, ಹರಳುಹರಳಾಗಿದ್ದು ಸಬ್‌ಎಪಿಥೀಲಿಯಲ್ ಹಂಪ್ ಇದ್ದರೆ ಗಂಟಲುಬೇನೆ ಬಂದುಹೋದ ಮೇಲಿನ ನೆಫ್ರೈಟಿಸ್ ಅಂತಲೂ ಸಿಕ್ಕರೆ ಒಂದು ಪ್ರಶ್ನೆಯಲ್ಲಿ ಮೂರು ಪ್ರಶ್ನೆ ಕಲಿತಂತೆ.

ಚಿತ್ರಗಳ ವಿಷಯ ಜನ ಹಗುರವಾಗಿ ತಗೋತಾರೆ, ನನಗೆ ಅದೇ ಬೇಜಾರು. ಹೊರಗೆ ಓದಿದ ಅನೇಕರಿಗೆ ಮೈಕ್ರೋಸ್ಕೋಪ್ ಸ್ಲೈಡ್ ನೋಡಿ ಅಭ್ಯಾಸವೇ ಇರುವುದಿಲ್ಲ. ಚಿತ್ರದ ಪ್ರಶ್ನೆ ಬಂದರೆ ಗುಲಾಬಿ, ನೇರಳೆ ಎರಡೇ ಬಣ್ಣ ಕಾಣುತ್ತವೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ವೆಬ್‌ಪಾಥ್ ಅನ್ನುವ ಸ್ಲೈಡ್ ಚಿತ್ರಗಳ ಜಾಲತಾಣ ಪೂರ್ತಿ ಉಚಿತ, ಅದನ್ನು ಬಳಸಿ. ನಮ್ಮ ಕಡೆ ಗುಟ್ಕಾ ಹಾವಳಿ ಗೊತ್ತೇ ಇದೆ, ಕೆನ್ನೆಯೊಳಗಿನ ಬಯಾಪ್ಸಿ ನನ್ನ ಟೇಬಲ್‌ಗೆ ಬರುತ್ತಲೇ ಇರುತ್ತದೆ. ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಅನ್ನುವ ಕ್ಯಾನ್ಸರ್‌ನಲ್ಲಿ ಕೋಶಗಳ ಗುಂಪಿನ ನಡುವೆ ಗುಲಾಬಿ ಬಣ್ಣದ ಕೆರಾಟಿನ್ ಪದರದ ಮೇಲೆ ಪದರ ಸುತ್ತಿಕೊಂಡು, ಈರುಳ್ಳಿ ಅಡ್ಡ ಕೊಯ್ದಂತೆ ಕಾಣುತ್ತದೆ. ಅದೇ ಕೆರಾಟಿನ್ ಪರ್ಲ್. ಒಂದು ಸಲ ಕಣ್ಣಿಗೆ ಬಿದ್ದರೆ ಸಾಕು, ಹೆಸರು ಉರು ಹೊಡೆಯಬೇಕಿಲ್ಲ. ಹೀಗೆಯೇ ರೀಡ್ ಸ್ಟರ್ನ್‌ಬರ್ಗ್ ಕೋಶ, ಆಯರ್ ರಾಡ್, ಸ್ಯಾಮೊಮಾ ಬಾಡಿ, ಟಿಬಿ ಗ್ರಾನುಲೋಮಾದ ಲ್ಯಾಂಗ್‌ಹಾನ್ಸ್ ಕೋಶ, ಇಂಥ ಐವತ್ತು ಅರವತ್ತು ಚಿತ್ರ ಫೋನ್‌ನಲ್ಲಿ ಒಂದು ಫೋಲ್ಡರ್ ಮಾಡಿ ಇಟ್ಟುಕೊಳ್ಳಿ. ಊರಲ್ಲಿ ಮೆಡಿಕಲ್ ಕಾಲೇಜುಗಳಿಗೇನೂ ಬರವಿಲ್ಲ. ಎಂಆರ್‌ಎಂಸಿ, ಜಿಮ್ಸ್, ಇಎಸ್‌ಐಸಿ, ಕೆಬಿಎನ್, ಯಾವುದರಲ್ಲಾದರೂ ಪರಿಚಯದ ಜೂನಿಯರ್ ಇದ್ದರೆ ಅವರ ಪ್ರಾಕ್ಟಿಕಲ್ ರೆಕಾರ್ಡ್ ಒಂದು ವಾರಕ್ಕೆ ಕೇಳಿ ಪಡೆಯಿರಿ. ಕೈಯಲ್ಲಿ ಬಿಡಿಸಿದ ಆ ಚಿತ್ರಗಳಲ್ಲಿ ಯಾವುದನ್ನು ನೋಡಬೇಕೋ ಅದಷ್ಟೇ ಇರುತ್ತದೆ.

ಸೀನಿಯರ್‌ಗಳ ಹಳೆ ಪುಸ್ತಕ ಅರ್ಧ ದರಕ್ಕೆ ಸಿಕ್ಕರೆ ಬಿಡಬೇಡಿ. ನೆಕ್ರೋಸಿಸ್ (ಕೋಶ ಸಾಯುವುದು), ಉರಿಯೂತ, ಥ್ರಾಂಬೋಸಿಸ್ (ರಕ್ತನಾಳದಲ್ಲಿ ಹೆಪ್ಪುಗಟ್ಟುವುದು) ಇವು ಆವೃತ್ತಿ ಬದಲಾದಂತೆ ಬದಲಾಗುವುದಿಲ್ಲ. ಮಿದುಳಿನ ಇನ್‌ಫಾರ್ಕ್ಟ್‌ನಲ್ಲಿ (ರಕ್ತ ಸಿಗದೆ ಸತ್ತ ಭಾಗದಲ್ಲಿ) ಅಂದೂ ಲಿಕ್ವಿಫ್ಯಾಕ್ಟಿವ್ (ಕರಗಿ ದ್ರವವಾಗುವ) ನೆಕ್ರೋಸಿಸ್, ಇಂದೂ ಅದೇ. ಬದಲಾಗುವುದು ಗಡ್ಡೆಗಳ ವರ್ಗೀಕರಣ ಮತ್ತು ಹೆಸರುಗಳು. ಲಿಂಫೋಮಾ, ಲ್ಯುಕೇಮಿಯಾ, ಥೈರಾಯ್ಡ್, ಮಿದುಳಿನ ಗಡ್ಡೆ, ಇಷ್ಟನ್ನು ಆ್ಯಪ್‌ನ ಹೊಸ ನೋಟ್ಸ್‌ನಿಂದಲೇ ಓದಿ.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಕಳೆದ ಸಲದ ಪೇಪರ್’ ಅಂತ ಪಿಡಿಎಫ್ ಓಡಾಡುತ್ತಿರುತ್ತದೆ. ಪರೀಕ್ಷೆ ನಡೆಸುವ ಎನ್‌ಬಿಇಎಂಎಸ್ ಪ್ರಶ್ನೆಪತ್ರಿಕೆ ಹೊರಗೆ ಬಿಡುವುದೇ ಇಲ್ಲ. ಅವೆಲ್ಲ ಬರೆದು ಬಂದವರು ನೆನಪಿನಿಂದ ಹೇಳಿದ್ದು, ಆಯ್ಕೆಗಳು ಅರ್ಧಂಬರ್ಧ, ಉತ್ತರ ಕೆಲವೊಮ್ಮೆ ತಪ್ಪು. ಯಾವ ಟಾಪಿಕ್ ಮೇಲಿಂದ ಮೇಲೆ ಬರುತ್ತಿದೆ ಅಂತ ತಿಳಿಯಲು ನೋಡಿ, ಉತ್ತರವನ್ನು ಪುಸ್ತಕದಲ್ಲಿ ತಾಳೆ ಹಾಕಿ. ಚಿಕ್ಕ ರಾಬಿನ್ಸ್ ಬೇಕು ಅಂದದ್ದು ಮುಖ್ಯವಾಗಿ ಇದಕ್ಕೇ.

ದೆಹಲಿ ವಿಚಾರ. ನಿಮ್ಮ ಖಾತೆಯಲ್ಲಿ ದುಡ್ಡು ಇದ್ದು, ಮನೆಯಲ್ಲಿ ಕೂತರೆ ಓದಲು ಆಗುವುದೇ ಇಲ್ಲ ಅನ್ನುವ ಸ್ವಭಾವ ಇದ್ದರೆ ಹೋಗಿ. ಪೆಥಾಲಜಿಗೋಸ್ಕರ ಅಂತೂ ಬೇಡ, ಅಲ್ಲಿ ಹೇಳುವುದೆಲ್ಲ ಇಲ್ಲಿ ಫೋನ್‌ನಲ್ಲೇ ಇದೆ. ಆದರೆ ಕಲಬುರಗಿ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿಯದೆ ಟೈಮ್‌ಟೇಬಲ್ ಹಾಕಬೇಡಿ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಐದರ ತನಕ ಏನು ಓದಿದರೂ ತಲೆಗೆ ಹತ್ತಂಗಿಲ್ಲ, ಕರೆಂಟೂ ಅದೇ ಹೊತ್ತಿಗೆ ಕೈಕೊಡುತ್ತದೆ. ಹೊಸ ಪಾಠ ಬೆಳಿಗ್ಗೆ ಐದಕ್ಕೆ, ವಿಡಿಯೊ ರಾತ್ರಿಯೇ ಡೌನ್‌ಲೋಡ್, ಮಧ್ಯಾಹ್ನ ಬರೀ ಪ್ರಶ್ನೆ ಬಿಡಿಸುವುದು.

ಬಜೆಟ್ ಬಿಗಿ ಇದ್ದರೆ ಮೊದಲು ಕತ್ತರಿಸಬೇಕಾದದ್ದು ಪುಸ್ತಕ, ಆಮೇಲೆ ಪಥೋಮಾ. ಪ್ರಶ್ನೆ ಬ್ಯಾಂಕ್ ಮಾತ್ರ ಬಿಡಬೇಡಿ. ಆರ್ಡರ್ ಮಾಡಿದ ದೊಡ್ಡ ರಾಬಿನ್ಸ್ ಈಗಾಗಲೇ ಮನೆಗೆ ಬಂದುಬಿಟ್ಟಿದ್ದರೆ ಪ್ಲಾಸ್ಟಿಕ್ ಹರಿಯದೆ ಹಾಗೇ ವಾಪಸ್ ಕಳಿಸಿ. ಮುಂದೆ ಪೆಥಾಲಜಿಯಲ್ಲಿ ಪಿಜಿ ಸೀಟ್ ಸಿಕ್ಕಾಗ ಆಗ ಬಂದಿರುವ ಹೊಸ ಆವೃತ್ತಿಯನ್ನೇ ಕೊಂಡರಾಯಿತು.