ಬಿಸಿ ಇಳಿಯದೆಯೂ ಹರಳು ಕಟ್ಟುತ್ತದೆಯೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ‘ನೀರು ಹೊರಬಿದ್ದಾಗ ಮ್ಯಾಗ್ಮಾದಲ್ಲಿ (ನೆಲದಾಳದ ಕರಗಿದ ಕಲ್ಲಿನಲ್ಲಿ) ಹರಳು ಕಟ್ಟುತ್ತದೆ’ ಎಂದಿದ್ದೀರಿ. ‘ತಣ್ಣಗಾದಾಗ’ ಎಂದಿರಬೇಕಿತ್ತು, ಅಲ್ವಾ? ಅಷ್ಟು ಬಿಸಿಯಲ್ಲಿ ನೀರಾದರೂ ಹೇಗೆ ಉಳಿದೀತು?

ಸಂಪಾದಕರ ಉತ್ತರ: ನಮ್ಮಲ್ಲಿ ಅಚ್ಚಿನ ತಪ್ಪುಗಳಿಗೆ ಬರವೇನಿಲ್ಲ. ಆದರೆ ಇದು ಅಂಥದ್ದಲ್ಲ.

ಮೊದಲು ನೀರಿನ ವಿಷಯ. ಅದು ಮ್ಯಾಗ್ಮಾದೊಳಗೆ ಕರಗಿರುತ್ತದೆ. ಅದನ್ನು ಹಿಡಿದಿಡುವುದು ಆಳದ ಒತ್ತಡ. ಹವಾಯಿಯ ಮ್ಯಾಗ್ಮಾದಲ್ಲಿ ನೀರು ತೂಕದ ಶೇ. 1ನ್ನೂ ಮುಟ್ಟುವುದು ಅಪರೂಪ. ಸಾಗರತಳದ ಭೂಫಲಕ ಇನ್ನೊಂದು ಭೂಫಲಕದ ಅಡಿಗೆ ನುಗ್ಗುವ ಕಡೆಗಳಲ್ಲಿ ಶೇ. 4ರಿಂದ 6 ಸಾಮಾನ್ಯ. ಇಷ್ಟೇನಾ ಅನ್ನಬೇಡಿ. ನೀರಿನ ಅಣು ಹಗುರ, ತೂಕದಲ್ಲಿ ಸ್ವಲ್ಪವಾದರೂ ಎಣಿಕೆಯಲ್ಲಿ ಜಾಸ್ತಿ.

ಹರಳು ಕಟ್ಟಬೇಕಾದರೆ ಸಿಲಿಕಾನ್ ಮತ್ತು ಆಮ್ಲಜನಕ ಕೊಂಡಿ ಹಾಕಿಕೊಂಡು ಸಾಲಾಗಿ ನಿಲ್ಲಬೇಕು. ನೀರು ಆ ಕೊಂಡಿಗಳನ್ನು ಕತ್ತರಿಸುತ್ತಲೇ ಇರುತ್ತದೆ. ಒಣ ಗ್ರಾನೈಟ್ ಕರಗಲು ಸುಮಾರು 950 ಡಿಗ್ರಿ ಸೆಲ್ಸಿಯಸ್ ಬೇಕು. ಏಳೆಂಟು ಕಿ.ಮೀ. ಆಳದಲ್ಲಿ, ಹಿಡಿಸುವಷ್ಟು ನೀರು ಸೇರಿದರೆ 700ಕ್ಕಿಂತ ಕೆಳಗೇ ಕರಗತೊಡಗುತ್ತದೆ.

ಈಗ ಮ್ಯಾಗ್ಮಾ ಮೇಲೇರುತ್ತಿದೆ ಅನ್ನಿ. ಒತ್ತಡ ಇಳಿಯಿತು, ನೀರು ಗುಳ್ಳೆಯಾಗಿ ಬಿಟ್ಟುಹೋಯಿತು. ನಿನ್ನೆ 900 ಡಿಗ್ರಿಯಲ್ಲಿ ಆರಾಮವಾಗಿ ಹರಿಯುತ್ತಿದ್ದದ್ದಕ್ಕೆ ಇವತ್ತು ಅದೇ 900 ಸಾಲುವುದಿಲ್ಲ. ಒಂದು ಡಿಗ್ರಿಯೂ ಇಳಿಯದೆ ಹರಳು ಶುರು! ಮುಖ್ಯವಾಗಿ ಪ್ಲೇಜಿಯೊಕ್ಲೇಸ್ ಎಂಬ ಖನಿಜದ ಸಣ್ಣ ಕಡ್ಡಿಗಳು. ನನಗೆ ಎಲ್ಲಕ್ಕಿಂತ ಮಜಾ ಅನ್ನಿಸುವುದು ಮುಂದಿನದು. ಹರಳು ಕಟ್ಟುವಾಗ ಶಾಖ ಹೊರಬೀಳುತ್ತದೆ. ಹಾಗಾಗಿ ಗಟ್ಟಿಯಾಗುತ್ತಲೇ ಮ್ಯಾಗ್ಮಾ ಇನ್ನಷ್ಟು ಬಿಸಿಯಾಗಬಹುದು. ಅಮೆರಿಕದ ಸೇಂಟ್ ಹೆಲೆನ್ಸ್, ರಷ್ಯಾದ ಶಿವೆಲುಚ್ ಜ್ವಾಲಾಮುಖಿಗಳ ಹರಳುಗಳನ್ನು ಪರೀಕ್ಷಿಸಿದವರು 2006ರಲ್ಲಿ, ಈ ಏರಿಕೆ 100 ಡಿಗ್ರಿವರೆಗೂ ಹೋಗಬಹುದು ಎಂದರು.

ಏರುವ ವೇಗವೂ ಲೆಕ್ಕಕ್ಕೆ ಬರುತ್ತದೆ. 1980ರ ಮೇ 18ರಂದು ಸೇಂಟ್ ಹೆಲೆನ್ಸ್‌ನ ಮ್ಯಾಗ್ಮಾ ನುಗ್ಗಿ ಬಂತು. ಹರಳಿಗೆ ಪುರುಸೊತ್ತೇ ಸಿಗಲಿಲ್ಲ. ಗುಳ್ಳೆಗಳು ಸಿಡಿದು ಗಾಜಿನಂಥ ಹಗುರ ಕಲ್ಲು, ಬೂದಿ ಹಾರಿದವು. 2004ರಿಂದ 2008ರವರೆಗೆ ಅದೇ ಬೆಟ್ಟದಲ್ಲಿ ಮ್ಯಾಗ್ಮಾ ನಿಧಾನವಾಗಿ ಏರಿತು. ನೀರು ಸುಮ್ನೆ ಸೋರಿಹೋಯಿತು. ದಾರಿಯಲ್ಲೇ ಹರಳುಗಟ್ಟಿ, ಹರಿಯದ ಕಲ್ಲುಗಂಬವಾಗಿ ಮೇಲೆದ್ದಿತು.

ಹೋದ ನೀರನ್ನು ಅಳೆದವರು ಯಾರು ಅಂತ ಕೇಳುತ್ತೀರಿ, ಗೊತ್ತು. ಆಳದಲ್ಲಿ ಬೆಳೆದ ಹರಳುಗಳ ಹೊಟ್ಟೆಯಲ್ಲಿ ಆಗಿನ ಮ್ಯಾಗ್ಮಾದ ಹನಿಗಳು ಸಿಕ್ಕಿಬಿದ್ದು ಗಾಜಾಗಿರುತ್ತವೆ. ಎಷ್ಟೋ ಹನಿಗಳು ಕೂದಲೆಳೆಯಷ್ಟೂ ದಪ್ಪವಿರುವುದಿಲ್ಲ. ಅವುಗಳಲ್ಲಿ ನೀರು ಇನ್ನೂ ಉಳಿದಿರುತ್ತದೆ.