ಕೋಲ್ಟ್ರೇನ್ ಅವರ ‘ಮೈ ಫೇವರಿಟ್ ಥಿಂಗ್ಸ್’ ಆಲ್ಬಮ್‌ಗೆ ಏಕಿಷ್ಟು ಮಹತ್ವ?

ಎಲ್ಲರಿಗೂ ಗೊತ್ತಿದ್ದ ಹಾಡುಗಳನ್ನೇ ಎತ್ತಿಕೊಂಡು, ಅವುಗಳ ನಡಿಗೆಯನ್ನು ಬದಲಿಸಿದ್ದಕ್ಕೆ. ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಇದನ್ನು ಧ್ವನಿಮುದ್ರಿಸಿದ್ದು 1960ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ. ಅಟ್ಲಾಂಟಿಕ್ ಕಂಪನಿ ಹೊರತಂದದ್ದು 1961ರಲ್ಲಿ. ಇರುವುದು ನಾಲ್ಕೇ ಹಾಡು: ಎರಡು ಅಮೆರಿಕದ ಹಾಡು ಸಂಯೋಜಕ ಗರ್ಶ್ವಿನ್ ಅವರದು, ಒಂದು ಅಲ್ಲಿಯದೇ ಇನ್ನೊಬ್ಬ ಸಂಯೋಜಕ ಕೋಲ್ ಪೋರ್ಟರ್ ಅವರದು, ಇನ್ನೊಂದು ಶೀರ್ಷಿಕೆಯ ಹಾಡು.

ಆ ಶೀರ್ಷಿಕೆಯ ಹಾಡು 1959ರ ‘ದಿ ಸೌಂಡ್ ಆಫ್ ಮ್ಯೂಸಿಕ್’ ಎಂಬ ಬ್ರಾಡ್‌ವೇ (ನ್ಯೂಯಾರ್ಕ್‌ನ ರಂಗಭೂಮಿ) ಸಂಗೀತ ನಾಟಕದ್ದು. (ನಾವೆಲ್ಲ ನೋಡಿದ ಸಿನಿಮಾ ಬಂದದ್ದು ಆಮೇಲೆ, 1965ರಲ್ಲಿ.) ಮೂಲದಲ್ಲಿ ಸ್ವರಮೇಳಗಳು, ಅಂದರೆ ಕಾರ್ಡ್‌ಗಳು, ಬೇಗ ಬೇಗ ಬದಲಾಗುತ್ತವೆ. ಕೋಲ್ಟ್ರೇನ್ ತಮ್ಮ ಸೋಲೋದಲ್ಲಿ, ಅಂದರೆ ಒಂಟಿ ವಾದನದಲ್ಲಿ, ಆ ಓಟವನ್ನು ನಿಲ್ಲಿಸುತ್ತಾರೆ. ಮಕಾಯ್ ಟೈನರ್ ಪಿಯಾನೋದಲ್ಲಿ ಎರಡೇ ಕಾರ್ಡ್‌ಗಳನ್ನು ತೂಗುತ್ತಾ ಕೂರುತ್ತಾರೆ. ಸ್ಟೀವ್ ಡೇವಿಸ್ ಅವರ ಬಾಸ್ ತಂಬೂರಿಯ ಶ್ರುತಿಯಂತೆ ಕೆಳಗೆ ಹಿಡಿದಿರುತ್ತದೆ. ಎಲ್ವಿನ್ ಜೋನ್ಸ್ ಅವರ ಡ್ರಮ್ ಮೂರರ ಎಣಿಕೆಯನ್ನು ಉರುಳಿಸುತ್ತದೆ. ಇವುಗಳ ಮೇಲೆ ಕೋಲ್ಟ್ರೇನ್ ಅವರ ಸೊಪ್ರಾನೋ ಸ್ಯಾಕ್ಸೋಫೋನ್, ಸ್ವಲ್ಪ ಶಹನಾಯಿಯ ಮೂಗುದನಿಯಲ್ಲಿ, ಸುಮಾರು ಹದಿನಾಲ್ಕು ನಿಮಿಷದ ಪಯಣದಲ್ಲಿ ಅಲೆದಾಡುತ್ತದೆ. ಕಾರ್ಡ್ ಬದಲಾವಣೆಯ ಬದಲು ಒಂದು ಸ್ವರಶ್ರೇಣಿಯ ಮೇಲೆ ನಿಂತು ವಿಸ್ತರಿಸುವ ಇದೇ ರೀತಿಗೆ ಮೋಡಲ್ ಜಾಝ್ ಎನ್ನುತ್ತಾರೆ. ರಾಗಾಲಾಪನೆ ಕೇಳಿ ಬೆಳೆದ ಕಿವಿಗೆ ಇದು ಅಷ್ಟೇನೂ ಅಪರಿಚಿತವಲ್ಲ. ಕೋಲ್ಟ್ರೇನ್ ಕೂಡ ರವಿಶಂಕರ್ ಅವರನ್ನು ಬಹಳ ಮೆಚ್ಚಿದ್ದರು. ಮಗನಿಗೆ ರವಿ ಎಂದೇ ಹೆಸರಿಟ್ಟರು.

ಗರ್ಶ್ವಿನ್ ಅವರ ‘ಸಮ್ಮರ್‌ಟೈಮ್’ ಮೂಲದಲ್ಲಿ ಜೋಗುಳ. ಈ ಆಲ್ಬಮ್‌ನಲ್ಲಿ ಮಾತ್ರ ಅದನ್ನು ಜೋಗುಳವೆಂದು ಕೇಳಲು ಹೋಗಬೇಡಿ. ಮಗು ಖಂಡಿತ ಎದ್ದು ಕೂರುತ್ತದೆ.