ವಿಶೇಷ ಶಿಕ್ಷಕಿಯಾಗಲು ತಾಳ್ಮೆಯೊಂದಿದ್ದರೆ ಸಾಕೇ?

ಮಕ್ಕಳೆಂದರೆ ಇಷ್ಟ, ತಾಳ್ಮೆಯೂ ಇದೆ, ಬೆಳವಣಿಗೆಯಲ್ಲಿ ತೊಡಕಿರುವ ಪುಟ್ಟ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕಿಯಾಗಲು ಅಷ್ಟು ಸಾಕೇ, ಕಚ್ಚುವ ಮಕ್ಕಳನ್ನು ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದ್ದೀರಿ.

ಸಾಲದು. ಇದೇ ಕೆಲಸದಲ್ಲಿರುವ ನನ್ನನ್ನು ಕಂಡವರೆಲ್ಲ ಹೊಗಳುವುದು ತಾಳ್ಮೆಯನ್ನೇ. ಕೇಳಿ ಕೇಳಿ ಬೇಸರ ಬಂದಿದೆ. ಬರೀ ತಾಳ್ಮೆಯಿಂದ ಕಾಯುತ್ತ ಕುಳಿತರೆ ಮಗು ಇದ್ದಲ್ಲೇ ಇರುತ್ತದೆ. ಇಲ್ಲಿ ಬೇಕಾದದ್ದು ನೋಡುವ ಕಣ್ಣು ಮತ್ತು ನೋಡಿದ್ದನ್ನು ಬರೆದಿಡುವ ಅಭ್ಯಾಸ.

ಕಾಲುಚೀಲ ಹಾಕಿಕೊಳ್ಳುವುದನ್ನೇ ತೆಗೆದುಕೊಳ್ಳಿ. ನಮಗೆ ಒಂದು ಕೆಲಸ, ಮಗುವಿಗೆ ನಾಲ್ಕೈದು: ಚೀಲದ ಬಾಯಿ ಅಗಲಿಸಬೇಕು, ಬೆರಳು ತೂರಿಸಬೇಕು, ಹಿಮ್ಮಡಿ ದಾಟಿಸಬೇಕು, ಮೇಲಕ್ಕೆಳೆಯಬೇಕು. ನಾನು ಹೆಚ್ಚಾಗಿ ಕೊನೆಯಿಂದ ಕಲಿಸುತ್ತೇನೆ. ಹಿಮ್ಮಡಿ ದಾಟುವವರೆಗೆ ನಾನೇ ಹಾಕಿ, ಕೊನೆಯಲ್ಲಿ ಎಳೆಯುವುದನ್ನಷ್ಟೇ ಮಗುವಿಗೆ ಬಿಡುತ್ತೇನೆ. ಮುಗಿಸಿದ್ದು ತಾನೇ ಎಂಬ ಖುಷಿ ಅದಕ್ಕೆ ಮೊದಲ ದಿನದಿಂದಲೇ ಸಿಗುತ್ತದೆ. ಅದು ಕೈಗೂಡಿದ ಮೇಲೆ ಹಿಮ್ಮಡಿ ದಾಟಿಸುವುದೂ ಮಗುವಿನ ಪಾಲಿಗೆ. ಕಷ್ಟವಿರುವುದು ನಮ್ಮ ಕೈಯನ್ನು ಹಿಂದಕ್ಕೆ ತೆಗೆಯುವುದರಲ್ಲಿ. ಸದಾ ಕೈ ಹಿಡಿದು ಮಾಡಿಸಿದರೆ ಆ ಕೈ ಬರಲೆಂದು ಕಾಯುವುದನ್ನೇ ಮಗು ಕಲಿತುಬಿಡುತ್ತದೆ.

ಆಟಿಸಂ ಇರುವ ಕೆಲವು ಮಕ್ಕಳು ಕೇಳಿದ್ದನ್ನೇ ತಿರುಗಿ ಹೇಳುತ್ತಾರೆ. ಬಾಯಾರಿದಾಗ ‘ನೀರು ಬೇಕಾ?’ ಎಂದು ಮಗುವೇ ನಮ್ಮನ್ನು ಕೇಳುತ್ತದೆ. ಗಿಳಿಪಾಠವೆಂದು ತಳ್ಳಿಹಾಕಬೇಡಿ, ಅದು ನೀರು ಕೊಡಿ ಎಂಬ ಬೇಡಿಕೆ. ಅದನ್ನು ತಿದ್ದಲು ಹೋಗದೆ, ‘ನನಗೆ ನೀರು ಬೇಕು’ ಎಂದು ಮಗುವಿನ ಪರವಾಗಿ ಹೇಳಿ ಲೋಟ ಕೊಡುತ್ತೇನೆ. ಮಾತೇ ಬಾರದವರಿಗೆ ಚಿತ್ರದ ಕಾರ್ಡುಗಳಿವೆ. ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ಅಮೆರಿಕದಲ್ಲಿ ರೂಪಿಸಿದ ‘ಪೆಕ್ಸ್’ ಪದ್ಧತಿಯಲ್ಲಿ, ಮಗು ತನಗೆ ಬೇಕಾದ ವಸ್ತುವಿನ ಚಿತ್ರವನ್ನು ಎದುರಿಗಿರುವವರ ಕೈಗೆ ಕೊಟ್ಟು ಆ ವಸ್ತು ಪಡೆಯುತ್ತದೆ. ಕಾರ್ಡು ಕೊಟ್ಟರೆ ಮಾತು ಬರುವುದೇ ಇಲ್ಲವೇನೋ ಎಂದು ಪೋಷಕರು ಹೆದರುತ್ತಾರೆ. ಚಿತ್ರಗಳಿಂದ ಮಾತಿಗೆ ಅಡ್ಡಿಯಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ ಎಂದು ಅವರಿಗೆ ಹೇಳುತ್ತಲೇ ಇರಬೇಕಾಗುತ್ತದೆ.

ಇನ್ನು ಕಚ್ಚುವ ವಿಷಯ. ಕಚ್ಚುವ ಮುನ್ನ ಏನು ನಡೆಯುತ್ತಿತ್ತು, ಕಚ್ಚಿದ ಮೇಲೆ ಮಗುವಿಗೆ ಏನು ಸಿಕ್ಕಿತು ಎಂಬ ಎರಡನ್ನೂ ಪ್ರತಿ ಸಲ ಬರೆದಿಡಿ. ಕೆಲವು ದಿನಗಳ ಟಿಪ್ಪಣಿ ಒಟ್ಟಿಗೆ ಓದಿದಾಗ, ಕಚ್ಚಿದಾಗಲೆಲ್ಲ ಗೀಚುವ ಕೆಲಸ ತಪ್ಪಿದೆ ಎಂದು ಕಾಣಬಹುದು. ಹಾಗಿದ್ದರೆ ಶಿಕ್ಷೆಯೆಂದು ಮೂಲೆಯಲ್ಲಿ ಕೂರಿಸುವುದು ಮಗು ಕೇಳಿದ್ದನ್ನೇ ಕೊಟ್ಟಂತೆ! ಬದಲಿಗೆ ಮಗುವಿಗೆ ‘ಸಾಕು’ ಎಂದು ತೋರಿಸುವ ಕಾರ್ಡು ಕಲಿಸಿ, ತೋರಿಸಿದ ಕೂಡಲೇ ಕೆಲಸ ನಿಲ್ಲಿಸಿ. ಕೆಲಸದ ಹೊತ್ತನ್ನು ಆಮೇಲೆ ಮೆಲ್ಲಗೆ ಹೆಚ್ಚಿಸಬಹುದು.

ಕಾಗದದ ಕೆಲಸ ವಿಪರೀತ. ಪ್ರತಿ ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆ, ಅಂದರೆ ಆ ಮಗು ಏನೇನು ಕಲಿಯಬೇಕೆಂಬ ಗುರಿಗಳ ಪಟ್ಟಿ, ಬರೆಯಬೇಕು. ‘ಗಮನ ಹೆಚ್ಚಬೇಕು’ ಎಂಬುದು ಗುರಿಯಾಗದು. ‘ಐದು ಸಲ ಹೆಸರು ಕರೆದರೆ ನಾಲ್ಕು ಸಲ ತಿರುಗಿ ನೋಡಬೇಕು’ ಎಂದರೆ ಅಳೆಯಬಹುದು. ಪುಟ್ಟ ಕುರ್ಚಿಗಳಲ್ಲಿ ಕುಳಿತು ಬೆನ್ನು ನೋಯುವುದಂತೂ ಇದ್ದದ್ದೇ.

ಸೇರುವ ಮೊದಲೇ ಮೂರ್ಛೆರೋಗದ ಪ್ರಥಮ ಚಿಕಿತ್ಸೆ ಕಲಿತುಕೊಳ್ಳಿ, ಇಂಥ ತರಗತಿಗಳಲ್ಲಿ ಅದು ಬೇಕಾಗುತ್ತದೆ. ಮಗುವನ್ನು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಗಡಿಯಾರ ನೋಡಿ. ಸೆಳೆತ 5 ನಿಮಿಷ ಮೀರಿದರೆ ಆಂಬ್ಯುಲೆನ್ಸ್ ಕರೆಯಿರಿ.